ಬೀಳೋ ಗಾಜಿಗೆ ಕೈ ಕೊಡಬೇಡ

ಜೂನ್ ನಾಲ್ಕು, ಧ್ವನಿ ಸಂದೇಶ

ಅಲ್ಲ, ನಾನು ಹೇಳಕ್ಕೆ ಹೊರಟಿದ್ದು ಅದಲ್ಲ... ತಡಿ, ಮತ್ತೆ ಮೊದಲಿಂದ ಶುರು ಮಾಡ್ತೀನಿ, ಬೇಜಾರು ಮಾಡ್ಕೋಬೇಡ ಮರಿ. ಈಗ ತಾನೇ ಒಂದು ಕಳಿಸಿದ್ನಲ್ಲ, ಅದು ಅರ್ಧಕ್ಕೇ ಕಟ್ಟಾಗಿದೆ, ಕೇಳಬೇಡ. ಈ ಫೋನಲ್ಲಿ ಮೈಕಿನ ಚಿತ್ರ ಒತ್ತಿ ಹಿಡ್ಕೊಂಡೇ ಮಾತಾಡ್ಬೇಕು, ಬೆರಳು ಜಾರಿದ್ರೆ ಹೊರಟೇ ಹೋಗತ್ತೆ. ನನ್ನ ಬಲಗೈ ಹೆಬ್ಬೆರಳು ಈಗ ಸೌತೆಕಾಯಿ ಗಾತ್ರ ಇದೆ. ಬರೆಯಕ್ಕಂತೂ ಆಗಲ್ಲ. ಅದಕ್ಕೇ ಬಾಯಲ್ಲೇ ಕಾಗದ. ಸ್ಕೂಲಲ್ಲಿ ಕಲಿಸಿದ ಹಾಗೆ ಕೊನೆಗೆ 'ಇಂತಿ' ಅಂತ ಮುಗಿಸ್ತೀನಿ, ನಗು ಬಂದ್ರೆ ನಗು.

ವಿಷಯ ಏನಪ್ಪಾ ಅಂದ್ರೆ, ನಿನ್ನೆ ಅವರು ಅಂಗಡಿಗೆ ಬಂದಿದ್ರು. ನಮ್ಮ ಬಡ್ಡಿಯವನು ಅತ್ತರು ಇದಾನಲ್ಲ, ಅವನ ವಸೂಲಿ ಅಣ್ಣತಮ್ಮಂದಿರು. ದೊಡ್ಡೋನು ಉದ್ದ, ಚಿಕ್ಕೋನು ಬಬಲ್‌ಗಮ್ಮು, ನೀನೇ ಇಟ್ಟ ಅಡ್ಡಹೆಸರು. ನೀನಿದ್ದಾಗ ಬಾಗಿಲಲ್ಲಿ ನಿಂತು ಬೈದು ಹೋಗ್ತಿದ್ರು. ನೀನು ಹೋದ್ಮೇಲೆ ಒಳಗೆ ಬರ್ತಾರೆ.

ನಾನು ದರ್ಜಿಯವನ ಕನ್ನಡಿಗೆ ಅಂಚು ಉಜ್ಜುತಾ ಇದ್ದೆ. ಗಮ್ಮು ಬಂದು ಕನ್ನಡಿಲಿ ಮೊದಲು ತಲೆ ಬಾಚ್ಕೊಂಡ. ನಿಜವಾಗ್ಲೂ. ಬಾಚ್ಕೊಂಡು, ಬಾಚಣಿಗೆ ಜೇಬಿಗಿಟ್ಟು, "ಯಜಮಾನ್ರೇ, ನಿಮ್ಮ ಭಾಮೈದ ಎಲ್ಲಿ?" ಅಂದ.

"ಗೊತ್ತಿಲ್ಲಪ್ಪ" ಅಂದೆ.

"ಹೆಂಡತಿ ತಮ್ಮ ಎಲ್ಲಿದಾನೆ ಅಂತ ಗೊತ್ತಿಲ್ದೆ ಇರೋ ಗಂಡ ಎಲ್ಲಾದ್ರೂ ಉಂಟಾ? ನಮ್ಮ ಮನೇಲಿ ಭಾಮೈದ ಸೀನಿದ್ರೂ ಗೊತ್ತಾಗತ್ತೆ."

ಅದಕ್ಕೆ ನಾನು ನಕ್ಕುಬಿಟ್ಟೆ ಕಣೋ. ನಗಬಾರದಿತ್ತು. ಉದ್ದ ಇನ್ನೂ ಬಾಗಿಲಲ್ಲೇ ಇದ್ದ, "ಶಟರ್ ಸ್ವಲ್ಪ ಇಳಿಸ್ರಿ, ಗಿರಾಕಿ ಬಂದಾರು" ಅಂದ, ಭಾರೀ ಮರ್ಯಾದೆಯಿಂದ. ನಾನು ಬಗ್ಗಿ ಶಟರ್ ಎಳೆದೆ. ನೆಲ ಮುಟ್ಟೋ ಹೊತ್ತಿಗೆ ಹೆಬ್ಬೆರಳು ಇನ್ನೂ ಅದರ ಅಂಚಿನ ಕೆಳಗಿತ್ತು. ಅವನು ಶಟರ್ ಮೇಲೆ ಕಾಲಿಟ್ಟು ನಿಂತ. ಇಡೀ ಮೈಭಾರ.

ಸದ್ದು ಹೇಗಿತ್ತು ಗೊತ್ತಾ? ಗಾಜಿಗೆ ಗೆರೆ ಎಳೆದು ಕೆಳಗಿಂದ ಮೆಲ್ಲಗೆ ತಟ್ಟಿದಾಗ ಬರತ್ತಲ್ಲ, ಟಕ್ ಅಂತ, ಚಿಕ್ಕದಾಗಿ, ಸ್ವಚ್ಛವಾಗಿ. ಅದೇ. ಜೀವನ ಪೂರ್ತಿ ಆ ಸದ್ದು ಕೇಳಿದ್ರೆ ನನಗೆ ಖುಷಿ ಆಗ್ತಿತ್ತು, ಕೆಲಸ ಸರಿಹೋಯ್ತು ಅಂತ.

ಆಮೇಲೆ ದರ್ಜಿಯವನ ಕನ್ನಡಿಗೆ ನನ್ನ ಮುಖ ಹಿಡಿದು ಗುದ್ದಿದ್ರು. ಒಡೀಲಿಲ್ಲ. ಒಳ್ಳೆ ಗಾಜು ಅದು. ಎರಡನೇ ಸಲಕ್ಕೆ ಒಡೀತು.

ನಿಮ್ಮಕ್ಕನಿಗೆ ಶಟರ್ ಜಾರ್ತು ಅಂದಿದೀನಿ. ನಿನ್ನ ಹೊಸ ನಂಬರು ಅವಳ ಹತ್ರ, ನನ್ನ ಹತ್ರ, ಅಷ್ಟೇ. ನೀನು ಬರಬೇಡ. ಅಲ್ಲೇ ಇರು.

ಇಂತಿ, ನಿನ್ನ ಭಾವ.

ಜೂನ್ ಆರು, ಬರಹ

ಭಾವ, ಎರಡು ಸಲ ಕೇಳಿದೆ. ಎರಡನೆಯ ಸಲ ಶಟರ್ ಬರುವ ಮೊದಲೇ ನಿಲ್ಲಿಸಿದೆ.

ನಾನೊಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಜೋಡಿಸುವ ಕೆಲಸದಲ್ಲಿದ್ದೇನೆ. ಯಾವ ಊರು ಎಂದು ಹೇಳುವುದಿಲ್ಲ. ನಿಮಗೇ ಗೊತ್ತಿಲ್ಲದಿದ್ದರೆ ನಿಮ್ಮ ಬಾಯಿ ಬಿಡಿಸಲು ಯಾರಿಂದಲೂ ಆಗದು. ಹೆಬ್ಬೆರಳಿಗೆ ಮುಲಾಮು ಹಚ್ಚಿಕೊಂಡು ಕೂರಬೇಡಿ, ಎಕ್ಸ್‌ರೇ ತೆಗೆಸಿ. ಸಾಲ ಮಾಡಿದವನು ನಾನು, ಜಾಮೀನು ನಿಂತವರಿಗೆ ಪೆಟ್ಟು. ಏನು ಬರೆಯಲಿ.

ಇಂತಿ, ಚಿಕ್ಕವನು.

ಜೂನ್ ಹದಿನೆಂಟು, ಧ್ವನಿ ಸಂದೇಶ

ಇವತ್ತು ನಾನೇ ಹೋಗಿದ್ದೆ ಕಣೋ, ಅತ್ತರಿನ ಆಫೀಸಿಗೆ. ಅವರು ಬರೋ ತನಕ ಕಾಯೋದು ಇದೆಯಲ್ಲ, ಅದು ಹೊಡೆತಕ್ಕಿಂತ ಕಷ್ಟ. ರಸ್ತೇಲಿ ಬೈಕ್ ನಿಂತ್ರೆ ಸಾಕು, ಕೈಲಿದ್ದ ಗಾಜು ಕೆಳಗಿಟ್ಟು ಬಾಗಿಲ ಕಡೆ ನೋಡ್ತೀನಿ. ಅದಕ್ಕೇ ಇಸ್ತ್ರಿ ಶರ್ಟ್ ಹಾಕ್ಕೊಂಡು ಹೋದೆ, ಮದುವೆ ಮನೆಗೆ ಹೋದ ಹಾಗೆ.

ಪಾತ್ರೆ ಅಂಗಡಿ ಮಹಡಿ ಮೇಲೆ ಒಂದು ರೂಮು. ಫ್ಯಾನು, ಮೇಜು, ಒಂದು ದೊಡ್ಡ ಗಡಿಯಾರ ನಿಂತುಹೋಗಿರೋದು. ವಾಸನೆ ಅಂದ್ರೆ ಮಲ್ಲಿಗೆ ಬುಟ್ಟಿ ಒಳಗೆ ತಲೆ ಇಟ್ಟ ಹಾಗೆ. ಟೀ ತರಿಸಿದ. "ಬನ್ನಿ ಬನ್ನಿ, ಕೈಗೆ ಏನಾಯ್ತು?" ಅಂತ ಕೇಳ್ದ ನೋಡು! ಕಣ್ಣಲ್ಲಿ ನೀರು ಬರೋ ಹಾಗೆ ಕೇಳ್ದ.

ನಾನು ಯೋಚನೆ ಮಾಡ್ಕೊಂಡು ಹೋಗಿದ್ದೆ. "ಅಂಗಡಿ ಮಾರ್ತೀನಿ, ಬಂದಷ್ಟು ತಗೊಳ್ಳಿ, ಉಳಿದಿದ್ದಕ್ಕೆ ತಿಂಗಳ ತಿಂಗಳ ಇಷ್ಟು ಅಂತ ಕಟ್ತೀನಿ, ಬಡ್ಡಿ ಮಾತ್ರ ಇವತ್ತಿಗೆ ನಿಲ್ಲಿಸಿ" ಅಂದೆ.

"ಅದೆಲ್ಲ ಇರ್ಲಿ, ನನಗೊಂದು ಅರ್ಥ ಆಗ್ಲಿಲ್ಲ. ಅಷ್ಟು ದುಡ್ಡು ಎಲ್ಲಿಗೆ ಹೋಯ್ತು? ಕುಡಿದ್ರಾ? ಆಡಿದ್ರಾ?"

ಸರಿ, ಹೇಳ್ದೆ. ಅಳತೆ ಟೇಪಿನ ಮೂತಿ ಸವೆದಿರತ್ತೆ ಅಂತ ನಾವು ಹತ್ತರ ಗೆರೆಯಿಂದ ಅಳೀತೀವಿ, ಕೊನೆಗೆ ಹತ್ತು ಸೆಂಟಿಮೀಟರ್ ಕಳೀತೀವಿ, ಗಾಜಿನ ಕೆಲಸದಲ್ಲಿ ಎಲ್ರೂ ಹಾಗೇ. ನಿಮ್ಮ ದುಡ್ಡಲ್ಲಿ ಗಾಜು ಮಾಡಿಸಿದ್ವಲ್ಲ, ಆ ಹೊಸ ಕಟ್ಟಡದ ಕಿಟಕಿಗಳನ್ನ ನನ್ನ ಭಾಮೈದ ಅಳೆದ, ಕಳೆಯೋದು ಮರೆತ. ಎಲ್ಲಾ ಗಾಜೂ ಅಷ್ಟಷ್ಟು ದೊಡ್ಡದಾಯ್ತು. ಅದೂ ಕುಲುಮೇಲಿ ಕಾಯಿಸಿ ಗಟ್ಟಿ ಮಾಡಿಸಿದ ಗಾಜು, ಆಮೇಲೆ ಒಂದು ಕೂದಲೆಳೆಯಷ್ಟೂ ಕತ್ತರಿಸಕ್ಕಾಗಲ್ಲ, ಮುಟ್ಟಿದ್ರೆ ಇಡೀ ಹಾಳೆ ಸಕ್ಕರೆ ಹಾಗೆ ಉದುರತ್ತೆ. ಕಂಟ್ರಾಕ್ಟರು ತಗೊಳ್ಲಿಲ್ಲ. ನಿಮ್ಮ ದುಡ್ಡು ಗುಜರಿ ಅಂಗಡೀಲಿದೆ ಅಂದೆ.

ಅತ್ತರು ಎಷ್ಟು ನಕ್ಕ ಅಂದ್ರೆ ಟೀ ಚೆಲ್ತು. ಬಾಗಿಲ ಹತ್ರ ನಿಂತಿದ್ದ ಆ ಅಣ್ಣತಮ್ಮಂದಿರೂ ನಕ್ರು. ನಗ್ತಾ ನಗ್ತಾನೇ ಗಮ್ಮು ನನ್ನ ಜೇಬಿಂದ ಟೇಪ್ ತೆಗೆದ. ಸರ್ರ್ ಅಂತ ಎಳೆದು ನನ್ನ ಕುತ್ತಿಗೆಗೆ ಸುತ್ತಿ, ಅಳತೆ ನೋಡ್ದ. "ಅಣ್ಣಾ, ಇದ್ರಲ್ಲಿ ಹತ್ತು ಕಳೀಬೇಕಾ?" ಅಂತ ಕೇಳಿ, ಎಳೆದ. ಟೇಪಿನ ಅಂಚು ಎಷ್ಟು ಹರಿತ ಅಂತ ನಿನಗೆ ಗೊತ್ತು. ಉದ್ದ ಹಿಂದಿಂದ ನನ್ನ ಎರಡೂ ಕೈ ಹಿಡ್ಕೊಂಡಿದ್ದ. ಗಡಿಯಾರ ಮಂಜಾಗೋ ತನಕ ಬಿಡ್ಲಿಲ್ಲ. ಅತ್ತರು ಕರವಸ್ತ್ರದಲ್ಲಿ ಮೇಜಿನ ಮೇಲಿನ ಟೀ ಒರೆಸ್ತಾ ಇದ್ದ, ಅದಷ್ಟೇ ಕಾಣ್ತಿತ್ತು.

ಬಿಟ್ಟ ಮೇಲೆ ಅತ್ತರು ಹೇಳ್ದ. "ನಿಮ್ಮ ಅಂಗಡಿ ನನಗೆ ಯಾಕೆ ಯಜಮಾನ್ರೇ. ಹುಡುಗನ್ನ ಕರೆಸಿ. ಓಡಿಹೋದವನನ್ನ ಬಿಟ್ರೆ ನಾಳೆ ಊರವರೆಲ್ಲ ಓಡ್ತಾರೆ." ಗೊತ್ತಾಯ್ತಾ? ಅವನಿಗೆ ಬೇಕಾಗಿರೋದು ಒಂದು ಉದಾಹರಣೆ. ಅದು ನೀನು.

ಟೇಪ್ ವಾಪಸ್ ಕೊಟ್ರು. ಅದೇನು ನೀಯತ್ತೋ.

ಇಂತಿ, ನಿನ್ನ ಭಾವ. ಧ್ವನಿ ಕರಕರ ಅಂತಿದ್ರೆ ಫೋನಿಂದಲ್ಲ.

ಜುಲೈ ಎರಡು, ಧ್ವನಿ ಸಂದೇಶ

ಫೋನ್ ಮಾಡಿದ್ರೆ ನಿಮ್ಮಕ್ಕ ಯಾಕೆ ತೆಗೀತಿಲ್ಲ ಅಂತ ನೀನು ಕೇಳ್ತಾನೇ ಇದೀಯ. ಸಿಟ್ಟಿಲ್ಲ ಕಣೋ, ಹಲ್ಲು ನೋವು ಅವಳಿಗೆ, ಮಾತಾಡಕ್ಕಾಗಲ್ಲ... ಏ, ಇರೇ, ನಾನು ಹೇಳ್ತಿದೀನಲ್ಲ...

ಕೊಡ್ರೀ ಇಲ್ಲಿ. ಎಲ್ಲಿ ಒತ್ತಬೇಕು? ಲೋ, ನಾನು, ಅಕ್ಕ. ಊಟ ಮಾಡ್ತಿದೀಯಾ? ಬಚ್ಚಲಲ್ಲಿ ಜಾರಿ ಬಿದ್ದೆ, ಅಷ್ಟೇ. ನಿಮ್ಮ ಭಾವನ ಮಾತು ಉದ್ದ, ಅರ್ಧ ನಂಬು. ಹೊದ್ದುಕೊಳ್ಳಕ್ಕೆ ಏನಾದ್ರೂ ಇದೆಯಾ ಅಲ್ಲಿ? ತಗೊಳ್ಳಿ, ನನಗೆ ಇನ್ನು ಬರಲ್ಲ.

ಕೇಳಿದ್ಯಲ್ಲ. ಇಂತಿ, ಭಾವ ಮತ್ತು ಅಕ್ಕ.

ಜುಲೈ ಮೂರು, ಬರಹ

ಬಚ್ಚಲಲ್ಲಿ ಜಾರಿದರೆ ಮುಂದಿನ ಹಲ್ಲು ಹೋಗುತ್ತವೆಯೇ ಭಾವ? ಮಾತಾಡುವಾಗ ಅವಳ ಬಾಯಿಂದ ಗಾಳಿ ಹೋಗುತ್ತಿದೆ. ನನ್ನನ್ನು ಸಾಕಿದವಳ ಧ್ವನಿ ನನಗೆ ಗೊತ್ತಾಗುವುದಿಲ್ಲವೇ? ನಿಜ ಹೇಳಿ.

ಚಿಕ್ಕವನು.

ಜುಲೈ ನಾಲ್ಕು, ಧ್ವನಿ ಸಂದೇಶ

ಮಹಡಿ ಮೇಲೆ ಬಂದಿದೀನಿ, ಅವಳಿಗೆ ಕೇಳಿಸಬಾರದು.

ನಾನು ಗಿರಾಕಿ ಮನೆಗೆ ಅಳತೆಗೆ ಹೋಗಿದ್ದಾಗ ಅವರಿಬ್ಬರೂ ನಮ್ಮ ಮನೆಗೆ ಬಂದಿದಾರೆ. ಅವಳು ಇಸ್ತ್ರಿ ಹಾಕ್ತಿದ್ಲು. ಉದ್ದ ನೇರ ಒಳಗೆ ಬಂದು ಕುರ್ಚಿ ಎಳ್ಕೊಂಡು ಕೂತು, "ನಿಮ್ಮ ತಮ್ಮನ ಫೋನ್ ನಂಬರ್ ಕೊಡಿ ಅಕ್ಕಾ" ಅಂದನಂತೆ. ಇವಳು, "ನನ್ನನ್ನ ಅಕ್ಕ ಅನ್ನೋನು ಒಬ್ಬನೇ" ಅಂದ್ಲಂತೆ. ಅವನು ಎದ್ದು ಅವಳ ಫೋನಿಗೆ ಕೈ ಹಾಕಿದ. ಇವಳು ಇಸ್ತ್ರಿ ಪೆಟ್ಟಿಗೆ ತಗೊಂಡು ಅವನ ಕೈ ಮೇಲೆ ಇಟ್ಟಳು. ಇಟ್ಟಳು ಅಂದ್ರೆ, ಕಾಲರಿಗೆ ಒತ್ತೋ ಹಾಗೆ ಒತ್ತಿದ್ಲು. ಚರ್ಮ ಪೆಟ್ಟಿಗೆಗೆ ಅಂಟಿಕೊಂಡಿತ್ತು ಮರಿ, ನಾನೇ ಆಮೇಲೆ ಕೆರೆದು ತೆಗೆದಿದ್ದು.

ಗಮ್ಮು ಹೊಡೆದ ಅವಳಿಗೆ. ಒಂದೇ ಏಟು. ಹೊಡೆದು ಅವನೇ ಬೆಚ್ಚಿದನಂತೆ, "ಅಣ್ಣನ ಮೇಲೆ ಕೈ ಮಾಡಿದ್ರೆ ನಾನು ಏನ್ ಮಾಡ್ಲಿ, ನೀವೇ ಹೇಳಿ" ಅಂತ ಅವಳನ್ನೇ ಕೇಳಿದನಂತೆ. ಇವಳು ನೆಲದ ಮೇಲೆ ಹಲ್ಲು ಹುಡುಕ್ತಾ ಇದ್ಲು.

ನಂಬರು ಸಿಗಲಿಲ್ಲ ಅವರಿಗೆ. ಪೊಲೀಸರ ಹತ್ರ ಹೋದೆ. "ಸಾಲ ತಗೊಂಡಿದ್ದು ನಿಜಾನಾ?" ಅಂತ ಅದೊಂದೇ ಕೇಳಿದ್ರು, ತಿರುಗಿಸಿ ಮುರುಗಿಸಿ.

ಬರಬೇಡ. ನೀನು ಬಂದ್ರೆ ಅವಳ ಹಲ್ಲು ಸುಮ್ಮನೆ ಹೋದ ಹಾಗೆ.

ಇಂತಿ, ಭಾವ.

ಜುಲೈ ಇಪ್ಪತ್ತು, ಧ್ವನಿ ಸಂದೇಶ

ನೆನಪಿದೆಯಾ, ನೀನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಿಟಕಿ ಗಾಜೊಂದು ಮೇಜಿಂದ ಜಾರಿದಾಗ ಹಿಡಿಯಕ್ಕೆ ಹೋಗಿ ಅಂಗೈ ಸೀಳ್ಕೊಂಡೆ. ಹೊಲಿಗೆ ಹಾಕಿಸ್ಕೊಂಡು ಬಂದಾಗ ಕೆನ್ನೆಗೆ ಹೊಡೆದೆ ನಿನಗೆ. "ಬೀಳೋ ಗಾಜಿಗೆ ಕೈ ಕೊಡಬೇಡ. ಹಿಂದಕ್ಕೆ ಬಾ, ಕೈ ಮೇಲೆತ್ತು, ಬೀಳಕ್ಕೆ ಬಿಡು." ಅದೊಂದೇ ಪಾಠ ನಾನು ಕಲಿಸಿದ್ದು, ಉಳಿದಿದ್ದೆಲ್ಲ ನೀನೇ ಕಲಿತೆ. ಯಾಕೆ ಇದನ್ನ ಹೇಳ್ತಿದೀನಿ ಅಂದ್ರೆ...

ಗಮ್ಮು ಸತ್ತ ಕಣೋ. ಮೊನ್ನೆ. ನಮ್ಮ ಅಂಗಡೀಲೇ.

ಬಡ್ಡಿ ಬಾಬ್ತು ಗಾಜು ಎತ್ಕೊಂಡು ಹೋಗ್ತೀವಿ ಅಂತ ಗಾಡಿ ತಂದಿದ್ರು. ಉದ್ದ ಕೈಗೆ ಬಟ್ಟೆ ಸುತ್ಕೊಂಡು ಹೊರಗೆ ಗಾಡಿ ಹತ್ರ. ಗಮ್ಮು ಒಳಗೆ. ಮೂಲೆಯ ಸ್ಟ್ಯಾಂಡಿನಲ್ಲಿ ಆಳೆತ್ತರದ ಗಾಜಿನ ಹಾಳೆಗಳನ್ನ ಒರಗಿಸಿದ್ವಲ್ಲ, ಅದರ ಹಗ್ಗ ಚಾಕೂಲಿ ಕತ್ತರಿಸ್ದ. "ಹಾಗಲ್ಲಪ್ಪ, ಮುಂದಿಂದ ಒಂದೊಂದಾಗಿ ತೆಗೀಬೇಕು, ಇಬ್ಬರು ಬೇಕು" ಅಂದೆ. "ಸುಮ್ನಿರ್ರೀ" ಅಂದ. ಹಿಂದೆ ಒಂದು ಕನ್ನಡಿ ಇತ್ತು, ಅದು ಅವನ ಕಣ್ಣಿಗೆ ಬಿತ್ತು. "ನನ್ನ ಮದುವೆ ಗೊತ್ತಾಗಿದೆ ಯಜಮಾನ್ರೇ. ಅವಳು ಆಳುದ್ದ ಕನ್ನಡಿ ಬೇಕು ಅಂದಿದಾಳೆ. ಇದನ್ನ ಅಣ್ಣನಿಗೆ ಹೇಳ್ಬೇಡಿ, ಇದು ಲೆಕ್ಕಕ್ಕಿಲ್ಲ" ಅಂದ, ನಾಚ್ಕೊಂಡು.

ಅದನ್ನ ನೋಡಕ್ಕೆ ಅಂತ ಮುಂದಿನ ಹಾಳೆಗಳನ್ನ ಪುಸ್ತಕದ ಪುಟ ತಿರುಗಿಸಿದ ಹಾಗೆ ಒಂದೊಂದಾಗಿ ತನ್ನ ಎದೆ ಮೇಲೆ ಒರಗಿಸ್ಕೊಳ್ತಾ ಹೋದ. ಒಂದು ಹಾಳೆ ಹಗುರ. ಎರಡು ಪರವಾಗಿಲ್ಲ. ಆಮೇಲೆ ಒಂದು ಹಂತ ಬರತ್ತೆ, ಭಾರ ಗೋಡೆ ಕಡೆಯಿಂದ ನಿನ್ನ ಕಡೆ ದಾಟತ್ತೆ. ಸ್ಟ್ಯಾಂಡು ಕಿರ್ ಅಂತು. ನನ್ನ ಕಾಲು ತಾವಾಗೇ ಹಿಂದಕ್ಕೆ ಬಂದ್ವು, ಕೈ ತಾವಾಗೇ ಮೇಲೆ ಹೋದ್ವು. "ಬಿಡೋ! ಬಿಟ್ಟು ಆಚೆ ಹಾರು!" ಅಂತ ಕೂಗ್ದೆ. ಅವನು ಬಿಡಲಿಲ್ಲ. ವಸೂಲಿಯವನು, ಕೈಗೆ ಬಂದಿದ್ದನ್ನ ಬಿಟ್ಟು ಗೊತ್ತಿಲ್ಲ. ಇನ್ನೂ ಗಟ್ಟಿಯಾಗಿ ತಬ್ಬಿಕೊಂಡ.

ಎಲ್ಲಾ ಅವನ ಮೇಲೆ ಬಂತು. ಕೆಲವು ಒಡೀಲೇ ಇಲ್ಲ, ಹಾಗೇ ಚಪ್ಪಡಿ ಹಾಗೆ. ಒಡೆದ ಒಂದು ಚೂರು ಕಂಕುಳಲ್ಲಿ ಹೊಕ್ಕಿತ್ತು. ರಕ್ತ ಗಾಜಿನ ಕೆಳಗೆ ಹರಡೋದು ಮೇಲಿಂದ ಕಾಣತ್ತೆ ಕಣೋ, ಚೌಕಟ್ಟು ಹಾಕಿದ ಚಿತ್ರದ ಹಾಗೆ. ಉದ್ದ ಓಡಿ ಬಂದ, ಬರಿಗೈಲಿ ಗಾಜು ಎತ್ತಕ್ಕೆ ಶುರು ಮಾಡ್ದ, ಬೆರಳುಗಳೆಲ್ಲ ಸೀಳಿಹೋದ್ರೂ ಬಿಡ್ಲಿಲ್ಲ. ನಾನು ಬೆಲ್ಟ್ ಬಿಚ್ಚಿ ಕಂಕುಳ ಮೇಲೆ ಬಿಗಿದೆ, ಮೊಣಕಾಲು ಊರಿ ಒತ್ತಿದೆ. ಇಬ್ಬರೂ ಸೇರಿ ಅವನ ಗಾಡೀಲೇ ಮಲಗಿಸಿದ್ವಿ. ಗಮ್ಮು ನನ್ನ ಶರ್ಟ್ ಹಿಡ್ಕೊಂಡಿದ್ದ. ಆಸ್ಪತ್ರೆ ಗೇಟಿನ ಹತ್ರ ಕೈ ಸಡಿಲ ಆಯ್ತು. ಬಾಯಲ್ಲಿ ಗಮ್ಮು ಹಾಗೇ ಇತ್ತು. ನರ್ಸು ತೆಗೆದ್ಲು.

ಎದುರು ಮೆಡಿಕಲ್ ಶಾಪಿನ ಕ್ಯಾಮೆರಾದಲ್ಲಿ ಎಲ್ಲಾ ಬಂದಿದೆಯಂತೆ. ಪೊಲೀಸರು ಆಕಸ್ಮಿಕ ಅಂತ ಬರ್ಕೊಂಡ್ರು.

ಇಂತಿ ಅನ್ನಕ್ಕೂ ಆಗ್ತಿಲ್ಲ. ನಿನ್ನ ಭಾವ.

ಜುಲೈ ಇಪ್ಪತ್ತೊಂದು, ಬರಹ

ಭಾವ, ನನ್ನ ಹತ್ತು ಸೆಂಟಿಮೀಟರಿಗೆ ಇನ್ನೂ ಎಷ್ಟು ಜನ? ನಿಮ್ಮ ಬೆರಳು, ಅಕ್ಕನ ಹಲ್ಲು, ಈಗ ಒಂದು ಜೀವ. ಇಲ್ಲಿ ಪೆಟ್ಟಿಗೆ ಎತ್ತುವಾಗ ಪ್ರತಿಯೊಂದೂ ಹೆಣದಷ್ಟು ಭಾರ ಇದೆ. ನಾನು ಬರುತ್ತೇನೆ. ಅತ್ತರಿನ ಎದುರು ನಿಲ್ಲುತ್ತೇನೆ. ಏನು ಮಾಡುತ್ತಾನೋ ಮಾಡಲಿ.

ಚಿಕ್ಕವನು.

ಜುಲೈ ಇಪ್ಪತ್ತೇಳು, ಧ್ವನಿ ಸಂದೇಶ

ಬೇಡ. ಕೇಳು ಮೊದಲು. ಇಷ್ಟು ದಿನ ಹೇಳಿದ್ದು ಬೇರೆ, ಈಗ ಹೇಳೋದು ಬೇರೆ.

ಉದ್ದ ಬಂದಿದ್ದ ಇವತ್ತು. ಎರಡೂ ಕೈಗೆ ಬ್ಯಾಂಡೇಜು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ, ಯಾವತ್ತೂ ಬಿಟ್ಟವನಲ್ಲ. ನಾನು ತೊಳೆದು ತೊಳೆದು ಇಟ್ಟ ಆ ಮೂಲೇಲಿ ಹೋಗಿ ನಿಂತ. ನಾನು ನೀರು ಕೊಟ್ಟೆ. ಕುಡಿದ. ಲೋಟ ಎತ್ತಕ್ಕೂ ಅವನಿಗೆ ಎರಡೂ ಅಂಗೈ ಬೇಕಾಯ್ತು.

"ಅಣ್ಣಾವ್ರು ಸಾಲ ಬಿಟ್ಟಿದಾರೆ" ಅಂದ, ಅತ್ತರನ್ನ ಅವನು ಕರೆಯೋದೇ ಹಾಗೆ. "ಪೂರ್ತಿ. ನಾನೇ ಕೇಳ್ಕೊಂಡೆ."

ನನಗೆ ಅರ್ಥ ಆಗ್ಲಿಲ್ಲ. ಥ್ಯಾಂಕ್ಸ್ ಹೇಳಕ್ಕೆ ಬಾಯಿ ತೆಗೆದೆ, ಹೇಳ್ತೀನಿ ಕೇಳು ಎಂಥಾ ಬೆಪ್ಪ ನಾನು. ಅವನು ಫೋನ್ ತೆಗೆದು ಆ ಕ್ಯಾಮೆರಾದ ವಿಡಿಯೋ ತೋರಿಸ್ದ. ಶಬ್ದ ಇಲ್ಲ ಅದ್ರಲ್ಲಿ. ನಾನು ಬಿಡೋ ಅಂತ ಕೂಗಿದ್ದು ಇಲ್ಲ. ನಾನು ಹಿಂದಕ್ಕೆ ಹೋಗ್ತೀನಿ, ಕೈ ಎತ್ತಿ ನಿಲ್ತೀನಿ, ಆಮೇಲೆ ಗಾಜು ಬೀಳತ್ತೆ. ಅಷ್ಟೇ.

"ಬೀಳೋ ಮೊದಲೇ ಕೈ ಎತ್ತಿದೀರಿ. ನಿಮಗೆ ಗೊತ್ತಿತ್ತು."

"ಗೊತ್ತಿತ್ತಪ್ಪ, ಅದಕ್ಕೇ ಕೂಗಿದ್ದು. ಅದು ನಮ್ಮ ಕೆಲಸದ ಅಭ್ಯಾಸ. ಇಬ್ಬರು ಹಿಡಿದಿದ್ರೆ ಇಬ್ಬರೂ ಅದರ ಕೆಳಗೆ."

"ಅವನು ನನಗೆ ತಮ್ಮ. ನಾನಿದ್ದಿದ್ರೆ ಕೆಳಗೆ ಹೋಗ್ತಿದ್ದೆ" ಅಂದ. ಜೋರು ಮಾಡ್ಲಿಲ್ಲ. ಜೋರು ಮಾಡಿದ್ರೆ ನನಗೆ ಇಷ್ಟು ಭಯ ಆಗ್ತಿರಲಿಲ್ಲ. "ನಿಮ್ಮನ್ನ ನಾನು ಮುಟ್ಟಲ್ಲ ಯಜಮಾನ್ರೇ. ಅಕ್ಕಾವ್ರನ್ನೂ ಮುಟ್ಟಲ್ಲ. ನಿಮ್ಮ ಹುಡುಗ ಒಂದಲ್ಲ ಒಂದು ದಿನ ಬರ್ತಾನೆ. ಅವತ್ತೂ ನೀವು ಹೀಗೇ ಕೈ ಎತ್ಕೊಂಡು ನಿಂತು ನೋಡಿ. ಅಷ್ಟೇ ನನ್ನ ವಸೂಲಿ."

ಚಪ್ಪಲಿ ಹಾಕ್ಕೊಂಡು ಹೋದ. ದೂರ ಹೋಗ್ಲಿಲ್ಲ. ಎದುರಿಗೆ ಸೈಕಲ್ ರಿಪೇರಿಯವನ ಬೆಂಚು ಇದೆಯಲ್ಲ, ಅಲ್ಲಿ ಕೂತ. ಪಕ್ಕದಲ್ಲಿ ಒಂದು ಗೋಣಿತಟ್ಟು ಸುತ್ತಿದ್ದು ಏನೋ ಇದೆ. ಪೊಲೀಸರಿಗೆ ಹೇಳ್ದೆ. "ಬೆಂಚ್ ಮೇಲೆ ಕೂತ್ಕೊಳ್ಳೋದು ತಪ್ಪಲ್ಲ, ಏನಾದ್ರೂ ಆದ್ರೆ ಬನ್ನಿ" ಅಂದ್ರು.

ಸಾಲ ಇರೋ ತನಕ ನಮ್ಮ ಜೀವಕ್ಕೊಂದು ಬೆಲೆ ಇತ್ತು ಮರಿ, ಸತ್ತವರು ಕಂತು ಕಟ್ಟಲ್ಲ ಅಂತ ಅವರಿಗೆ ಗೊತ್ತಿತ್ತು. ಈಗ ಅದೂ ಇಲ್ಲ. ಬರಬೇಡ. ಯಾವತ್ತೂ ಬರಬೇಡ. ನಾವಿಬ್ಬರೇ ನೀನಿರೋ ಕಡೆ ಬರ್ತೀವಿ, ಅಂಗಡಿ ಕೊಟ್ಟು. ನಾಳೆಯಿಂದಲೇ ಗಿರಾಕಿ ಹುಡುಕ್ತೀನಿ.

ಇಂತಿ, ನಿನ್ನ ಭಾವ.

ಜುಲೈ ಇಪ್ಪತ್ತೆಂಟು, ಬರಹ

ಭಾವ, ಬಸ್ಸಿನಲ್ಲಿದ್ದೇನೆ. ನಿನ್ನೆ ನೀವು ಕಳಿಸಿದ್ದನ್ನು ಇನ್ನೂ ಕೇಳಿಲ್ಲ. ಬರಬೇಡ ಎಂದೇ ಇರುತ್ತದೆ, ಕೇಳಿದರೆ ಇಳಿದುಬಿಡುತ್ತೇನೆ. ಫೋನ್ ಆರಿಸುತ್ತಿದ್ದೇನೆ. ಅಕ್ಕನಿಗೆ ಹೇಳಬೇಡಿ, ನೇರ ಅಂಗಡಿಗೆ ಬರುತ್ತೇನೆ.

ಇಂತಿ, ಚಿಕ್ಕವನು.

ಜುಲೈ ಇಪ್ಪತ್ತೆಂಟು, ಧ್ವನಿ ಸಂದೇಶ

ಫೋನ್ ಹಾಕೋ, ಫೋನ್ ಹಾಕೋ ಮಾರಾಯ! ಬೆಳಗ್ಗೆಯಿಂದ ಕಳಿಸ್ತಾನೇ ಇದೀನಿ, ಒಂದೂ ನಿನಗೆ ಮುಟ್ಟಿಲ್ಲ. ಇದಾದ್ರೂ ಮುಟ್ಟಲಿ. ಅಂಗಡಿಗೆ ಬರಬೇಡ. ನಿನ್ನೆ ಕಳಿಸಿದ್ದನ್ನ ಕೇಳು ಮೊದಲು. ಬಸ್‌ಸ್ಟ್ಯಾಂಡಿಗೆ ನಾನೇ ಹೋಗೋಣ ಅಂದ್ರೆ ಯಾವ ಬಸ್ಸು, ಯಾವ ಊರಿಂದ, ಏನೂ ಗೊತ್ತಿಲ್ಲ ನನಗೆ. ಊರು ಹೇಳಲ್ಲ ಅಂತ ನೀನೇ ಬರೆದಿದ್ಯಲ್ಲ, ನಾನೂ ಅದೇ ಒಳ್ಳೇದು ಅಂದ್ಕೊಂಡೆ. ಆ ಕಡೆ ಹೋದಾಗ ನೀನು ಈ ಕಡೆ ಬಂದ್ರೆ? ಅದಕ್ಕೇ ಇಲ್ಲೇ ನಿಂತಿದೀನಿ, ಬಾಗಿಲಲ್ಲಿ.

ಅವನು ಅಲ್ಲೇ ಇದಾನೆ. ಬೆಂಚಿನ ಮೇಲೆ. ನನ್ನನ್ನ ನೋಡ್ತಿಲ್ಲ, ರಸ್ತೆ ನೋಡ್ತಿದಾನೆ. ಗೋಣಿತಟ್ಟು ತೊಡೆ ಮೇಲೆ ಇಟ್ಕೊಂಡಿದಾನೆ, ಮಗು ಮಲಗಿಸ್ಕೊಂಡ ಹಾಗೆ. ಬೆಳಗ್ಗೆ ಹೋಗಿ ಕಾಲಿಗೆ ಬಿದ್ದೆ ಕಣೋ. ನಿಜ. ನನ್ನನ್ನ ಹೊಡಿ, ಈಗಲೇ ಹೊಡಿ, ಲೆಕ್ಕ ಮುಗಿಸು ಅಂದೆ. "ಎದ್ದೇಳಿ ಯಜಮಾನ್ರೇ, ಬಟ್ಟೆ ಕೊಳೆಯಾಗತ್ತೆ" ಅಂದ.

ನೀನು ಬಂದ್ರೆ ಹಿಂದಿನ ಓಣಿ ಇದೆಯಲ್ಲ, ಗುಜರಿಯವನ ಪಕ್ಕದ್ದು, ಅಲ್ಲಿಂದ ಬಾ. ಅಲ್ಲ, ಬರಲೇಬೇಡ, ಏನ್ ಹೇಳ್ತಿದೀನಿ ನಾನು. ಮೆಡಿಕಲ್ ಶಾಪಿನವನಿಗೆ ಹೇಳಿಟ್ಟಿದೀನಿ, ನಿನ್ನ ಕಂಡ್ರೆ ಒಳಗೆ ಎಳ್ಕೋ ಅಂತ. ಅವನು ಹೂಂ ಅಂದು ಅರ್ಧ ಬಾಗಿಲು ಹಾಕ್ಕೊಂಡಿದಾನೆ. ಸೈಕಲ್ಲಿನವನು ಇವತ್ತು ಅಂಗಡಿ ತೆಗೆದೇ ಇಲ್ಲ. ರಸ್ತೆಗೆಲ್ಲ ಗೊತ್ತು.

ನಾನು ಗಟ್ಟಿ ಚರ್ಮದ ಗ್ಲೌಸು ಹಾಕ್ಕೊಂಡು ನಿಂತಿದೀನಿ, ದೊಡ್ಡ ಹಾಳೆ ಎತ್ತುವಾಗ ಹಾಕ್ಕೊಳ್ತೀವಲ್ಲ, ಅದು. ಯಾಕೆ ಹಾಕ್ಕೊಂಡೆನೋ. ಬಲಗೈದರಲ್ಲಿ ಹೆಬ್ಬೆರಳು ಹಿಡಿಸಲ್ಲ, ಹೊರಗೇ ಇದೆ. ಅದರಲ್ಲೇ ಒತ್ತಿ ಹಿಡಿದಿದೀನಿ ಇದನ್ನ, ನೋವಾಗ್ತಿದೆ, ಆಗ್ಲಿ.

ನಿಮ್ಮಕ್ಕನಿಗೆ ಹೇಳಿಲ್ಲ. ಆದ್ರೂ ಅವಳಿಗೆ ಹೇಗೋ ಗೊತ್ತಾಗಿದೆ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದಾಳೆ...

ಎದ್ದ. ಅವನು ಎದ್ದ ಬೆಂಚಿಂದ. ಯಾಕೆ ಎದ್ದ?

ಯಾರೋ ಕೂಗಿದ್ರು. ಕೇಳಿಸ್ತಾ ನಿನಗೆ? ಮತ್ತೆ. "ಭಾವಾ" ಅಂತ. ಲೋ, ನನ್ನನ್ನ ಹಾಗೆ ಕರೆಯೋನು... ಲೋ, ಅಲ್ಲೇ ನಿಲ್ಲೋ! ರಸ್ತೆ ದಾಟಬೇಡ! ಬಂದೆ, ನಾನೇ ಬಂದೆ, ನಿಲ್ಲು... ಇಡ್ತೀನಿ, ಕೈ ಎರಡೂ ಬೇಕು ನನಗೆ, ಇಡ್ತೀನಿ.